ಉಪ್ಪು ಹಂಚಿಕೊಂಡ ಜೋಡಿ

ತೊರ್ವಾಲಳ ಗರಡಿಯಲ್ಲಿ ಅಡುಗೆ ನನ್ನದು. ಉಪ್ಪಿಲ್ಲದ ಅಡುಗೆ. ಅಂಬಲಿಗೂ ಉಪ್ಪಿಲ್ಲ, ಹಲ್ಲಿಮಾಂಸಕ್ಕೂ ಉಪ್ಪಿಲ್ಲ. ಹೊಸದಾಗಿ ಬಂದ ಕಾಳಗದಾಳು ಮೊದಲ ತುತ್ತಿಗೇ ಮುಖ ಕಿವುಚಿ ನನ್ನ ವಂಶವನ್ನೆಲ್ಲ ಬೈಯುತ್ತಾನೆ. ಬೈಯಲಿ. ಉಪ್ಪಿನ ಮಡಕೆ ಇರುವುದು ಒಡತಿಯ ಕೋಣೆಯಲ್ಲಿ, ಬೀಗದ ಕೈ ಅವಳ ಸೊಂಟದಲ್ಲಿ. ನಾನೂ ಅವಳು ಸಂತೆಯಲ್ಲಿ ಕೊಂಡು ತಂದ ಆಳೇ. ಕಾಳಗದಾಳುಗಳ ಕಿವಿಯಲ್ಲಿರುವ ತಾಮ್ರದ ಬಳೆಯೇ ನನ್ನ ಕಿವಿಯಲ್ಲೂ ಇದೆ.

ನಮ್ಮೂರು ಸೆಲ್ಮಾರದಲ್ಲಿ ಒಂದೇ ಚಿಟಿಕೆ ಉಪ್ಪನ್ನು ಹಂಚಿಕೊಂಡು ತಿಂದವರು ಒಂದೇ ಮನೆಯವರು. ಆಮೇಲೆ ಒಬ್ಬರ ರಕ್ತವನ್ನು ಇನ್ನೊಬ್ಬರು ನೆಲಕ್ಕೆ ಕೆಡವುವಂತಿಲ್ಲ. ಕೆಡವಿದರೆ ಊರಿನ ಅಡಿಯಲ್ಲಿ ಮಲಗಿರುವ ಉಪ್ಪಿನ ತಾಯಿ ವಾಸನೆ ಹಿಡಿದು ಮಗ್ಗುಲು ಬದಲಿಸುತ್ತಾಳೆ, ಬಾವಿಗಳು ಕಹಿಯಾಗುತ್ತವೆ. ಅಜ್ಜಿಕತೆ ಅಂದುಕೊಳ್ಳಬೇಡಿ. ಕುಂಬಾರರ ಕೇರಿಯಲ್ಲಿ ಮದುವೆಯ ಉಪ್ಪು ಹಂಚಿಕೊಂಡು ತಿಂದ ಅಳಿಯನೊಬ್ಬ ಮಾವನನ್ನು ಇರಿದ. ಆ ಬಾವಿಯ ನೀರನ್ನು ಇವತ್ತಿಗೂ ಕತ್ತೆ ಸಹ ಮೂಸುವುದಿಲ್ಲ. ಕೇಳಿದವರಿಗೆ ಉಪ್ಪು ಇಲ್ಲ ಎಂದರೂ ತಾಯಿ ಮುನಿಯುತ್ತಾಳೆ, ಅದಕ್ಕೇ ಈ ಊರಿನವರು ಮಡಿಲಲ್ಲಿ ಉಪ್ಪಿನ ಗಂಟು ಕಟ್ಟಿಕೊಳ್ಳದೆ ಮನೆ ಬಿಡುವುದಿಲ್ಲ. ಗರಡಿಯಲ್ಲಿ ಮಾತ್ರ ಉಪ್ಪೆಂದು ಬಾಯಿಬಿಟ್ಟರೆ ಚಾಟಿಯೇಟು. ಆಳುಗಳೆಲ್ಲ ಒಂದೇ ಮನೆಯವರಾಗಿಬಿಟ್ಟರೆ ಕಣದಲ್ಲಿ ಯಾರನ್ನು ಯಾರ ಮೇಲೆ ಬಿಡುವುದು?

ದಸ್ಮೂರ್ ನಮ್ಮ ಗರಡಿಯ ದೊಡ್ಡ ಹೆಸರು. ಬಾಗಿಲಲ್ಲಿ ಬಗ್ಗಿ ಬರಬೇಕಾದಂಥ ಆಳು. ಕಣದಲ್ಲಿ ಅವನನ್ನು ನೋಡಿದವರು ನಂಬುವುದಿಲ್ಲ, ಅಡುಗೆಮನೆಯಲ್ಲಿ ಅವನಷ್ಟು ಹರಟೆಮಲ್ಲ ಇನ್ನೊಬ್ಬನಿಲ್ಲ. ಒಲೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಬಿಡುಗಡೆಯಾದ ಮೇಲೆ ಏನು ಮಾಡುತ್ತೇನೆ ಎಂದು ಕೊರೆಯುತ್ತಿದ್ದ.

"ಹಲ್ಲಿಗಾಡಿ ಹೊಡೀತೀನಿ ಮಿಲೋಷಕ್ಕ. ಉಪ್ಪಿನ ಗಣಿಯಿಂದ ಹೊಳೆದಂಡೆಗೆ. ಬಿಸಿಲು ಏರ್ತಿದ್ದಂಗೆ ಗಾಡಿ ಕೆಳಗೆ ಬಿದ್ಕೊಳ್ಳೋದು. ಯಾವನೂ ಎಬ್ಬಿಸಬಾರದು."

"ಗಾಡಿ ಎಳೆಯೋ ಹಲ್ಲಿನೇ ಎಬ್ಬಿಸತ್ತೆ, ಮುಖ ನೆಕ್ಕಿ."

"ನೆಕ್ಕಲಿ ಬಿಡು. ನಿನ್ನ ಅಂಬಲಿಗಿಂತ ಅದರ ನಾಲಿಗೆ ರುಚಿ ಇರತ್ತೆ."

ಖೆಲ್ತು ಪಕ್ಕದಲ್ಲೇ ಕೂತು ನಗುತ್ತಿದ್ದ. ತೆಳ್ಳನೆಯ ಮೈ, ಬೆಕ್ಕಿನ ನಡಿಗೆ. ಇವನು ಕೆಂಪುಜ್ವರದಲ್ಲಿ ಬಿದ್ದಾಗ ಒಡತಿ, "ಹಳ್ಳಕ್ಕೆ ಹಾಕಿ, ಬೇರೆಯವರಿಗೆ ಅಂಟತ್ತೆ" ಎಂದಿದ್ದಳು. ದಸ್ಮೂರ್ ಬಾಗಿಲಿಗೆ ಅಡ್ಡ ಮಲಗಿದ. ಅವನನ್ನು ದಾಟಿಕೊಂಡು ಒಳಗೆ ಹೋಗುವ ಗಂಡು ಆ ಗರಡಿಯಲ್ಲಿ ಇರಲಿಲ್ಲ. ಜ್ವರ ಇಳಿಯುವ ತನಕ ತನ್ನ ಪಾಲಿನ ಗಂಜಿಯನ್ನು ತಾನೇ ಖೆಲ್ತುವಿನ ಬಾಯಿಗೆ ಹಾಕಿ ಉಳಿಸಿದ. ಅಂದಿನಿಂದ ಖೆಲ್ತು ಅವನನ್ನು ಅಣ್ಣ ಎನ್ನುತ್ತಿದ್ದ. ಬಿಡುವಿನಲ್ಲಿ ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಅಂಗಳದಲ್ಲಿ ಕೂರುತ್ತಿದ್ದರು.

ನಮ್ಮೂರಿನ ಎರಡು ಚಂದ್ರರೂ ಒಟ್ಟಿಗೆ ತುಂಬುವ ಜೋಡಿಹುಣ್ಣಿಮೆಯ ದಿನ ಕಣದ ಬಿಳಿ ಬಾಗಿಲು ತೆರೆಯುತ್ತದೆ. ಆ ದಿನದ ಕೊನೆಯ ಕಾಳಗದಲ್ಲಿ ಗೆದ್ದವನ ಕಿವಿಬಳೆ ಕತ್ತರಿಸಿ ಆ ಬಾಗಿಲಿನಿಂದ ಹೊರಗೆ ಬಿಡುತ್ತಾರೆ. ಈ ಸಲ ಊರಿಗೆ ಊರೇ ದಸ್ಮೂರ್ ಬೇಕೆಂದು ಕೂಗಿತು. ತೊರ್ವಾಲ ಇಲ್ಲ ಎಂದಿದ್ದರೆ ಅವಳ ಮನೆಯ ಹೆಂಚು ಉಳಿಯುತ್ತಿರಲಿಲ್ಲ. ಅವಳು ಅಡುಗೆಮನೆಗೆ ಬಂದು ನನ್ನ ಮುಂದೆ ಹಣ್ಣು ಸುಲಿಯುತ್ತ ನಿಂತಳು. ನಗುತ್ತಿದ್ದಳು.

"ನಿನ್ನ ದಸ್ಮೂರ್ ಹೊರಟ ಕಣೇ ಮಿಲೋಷಿ. ಬರಿಗೈಲಿ ಕಳಿಸೋಕಾಗತ್ತಾ? ಜೀವ ಇರೋ ತನಕ ನನ್ನ ನೆನಪು ಇರೋ ಹಾಗೆ ಏನಾದ್ರೂ ಕೊಟ್ಟು ಕಳಿಸ್ತೀನಿ. ಎದುರಿಗೆ ಖೆಲ್ತೂನ ಇಳಿಸ್ತಿದೀನಿ."

"ಅಮ್ಮಾವ್ರೆ, ಅವನು ಇವನಿಗೆ ತಮ್ಮನ ಥರ..."

"ನಂಗೊತ್ತಿಲ್ವಾ?" ಎಂದಳು, ಹಣ್ಣಿನ ಹೋಳು ಬಾಯಿಗೆ ಹಾಕಿಕೊಳ್ಳುತ್ತ. "ಗೊತ್ತಿದ್ದೇ ಇಳಿಸ್ತಿರೋದು. ತಮ್ಮನ್ನ ಕೊಂದು ಹೋಗಿ ಗಾಡಿ ಕೆಳಗೆ ಹಾಯಾಗಿ ಮಲಗ್ಲಿ."

ಅವಳಿಗೆ ನಾಚಿಕೆಯೂ ಇಲ್ಲ, ಭಯವೂ ಇಲ್ಲ. ಅವತ್ತು ನನ್ನ ಕೈಯಲ್ಲಿದ್ದ ಸೌಟು ಇನ್ನೂ ಸ್ವಲ್ಪ ಭಾರವಾಗಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಅನ್ನಿಸುತ್ತದೆ.

ಸುದ್ದಿ ಕೇಳಿ ದಸ್ಮೂರ್ ಹರಟೆ ನಿಲ್ಲಿಸಿದ. ಹಬ್ಬದ ಬೆಳಿಗ್ಗೆ ಮಾತ್ರ ಒಲೆಯ ಬಳಿ ಬಂದು, "ಅಕ್ಕ, ಕಣದಲ್ಲಿ ಉಪ್ಪು ಕೇಳಿದ್ರೆ ಚಾಟಿ ಇಲ್ಲ ಅಲ್ವಾ?" ಎಂದ.

ನಾನು ಅವನ ಮುಖ ನೋಡಿದೆ. ಕಣ ಗರಡಿಯೊಳಗಲ್ಲ. ಅದು ಊರಿನದು, ಊರಿನ ಕಟ್ಟಳೆಯೇ ಅಲ್ಲಿಯದು. ಇಷ್ಟು ವರ್ಷ ಯಾವನಿಗೂ ಹೊಳೆಯದ್ದು ಈ ಬಾಯಿಬಡುಕನಿಗೆ ಹೊಳೆದಿತ್ತು.

"ಇಬ್ರೂ ತಿಂದ್ಬಿಟ್ರೆ ನಮ್ಮನ್ನ ಜೋಡಿ ಕಟ್ಟೋ ಹಾಗೇ ಇಲ್ಲ," ಎಂದ. "ವಾಪಸ್ ಗರಡಿಗೆ ಕಳಿಸ್ಬೇಕು."

"ಬಿಳಿ ಬಾಗಿಲು?"

"ಮುಂದಿನ ಸಲ ನೋಡ್ಕೊಂಡ್ರಾಯ್ತು. ಬಾಗಿಲೇನು ಎದ್ದು ಓಡೋಗತ್ತಾ?"

ನಾನೂ ನಂಬಿದೆ. ಈ ಊರಿನ ಅನ್ನ ತಿಂದು ಬೆಳೆದವರು ಯಾರಾದರೂ ನಂಬುತ್ತಿದ್ದರು.

ಸಂಜೆ ಕೊನೆಯ ಕಾಳಗ. ಆಳುಗಳು ಒಳಗೆ ಬರುವ ದಿಡ್ಡಿಯ ಹತ್ತಿರ ನಾನು ನೀರಿನ ಕೊಡ, ಗಾಯದ ಬಟ್ಟೆ ಹಿಡಿದು ನಿಂತಿದ್ದೆ. ಅದು ಅಡುಗೆಯವಳ ಕೆಲಸ. ಕಟ್ಟೆಗಳ ತುಂಬ ಜನ, ಸೌತೆಕಾಯಿ ಕಡಿಯುತ್ತ, ಬೀಜ ಉಗಿಯುತ್ತ. ಬಿಲ್ಲಾಳುಗಳು ಗೋಡೆಯ ಮೇಲೆ ಸಾಲಾಗಿ ಕೂತಿದ್ದರು. ಎರಡನೆಯ ಚಂದ್ರ ಗೋಡೆಯ ಮೇಲೆ ಇಣುಕಿದೊಡನೆ ಗಂಟೆ ಹೊಡೆಯುತ್ತಾರೆ. ಅಷ್ಟರೊಳಗೆ ಒಬ್ಬ ಸಾಯದಿದ್ದರೆ ಈ ಬಿಲ್ಲಾಳುಗಳು ಇಬ್ಬರನ್ನೂ ಹೊಡೆದು ಕೆಡವುವುದು ರೂಢಿ.

ಡೋಲು ನಿಂತಿತು. ಖೆಲ್ತು ಕತ್ತಿ ಎತ್ತಿದ. ದಸ್ಮೂರ್ ಎತ್ತಲಿಲ್ಲ. ಕಟ್ಟೆಯತ್ತ ತಿರುಗಿ ಎರಡೂ ಕೈ ಬೊಗಸೆ ಮಾಡಿ ಕೂಗಿದ.

"ತಾಯಂದಿರೇ, ಅಣ್ಣಂದಿರೇ! ಉಪ್ಪು ಕೊಡಿ!"

ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಮೇಲಿನಿಂದ ಯಾವನೋ, "ಉಪ್ಪಿನಕಾಯಿ ಹಾಕ್ತಾನೇನ್ರೋ ಖೆಲ್ತೂನ?" ಎಂದ. ಕಣವೆಲ್ಲ ನಕ್ಕಿತು. ಆದರೆ ಕೇಳಿದ ಮೇಲೆ ಕೊಡಲೇಬೇಕು. ಸೌತೆಕಾಯಿ ಮಾರುವ ಹೆಂಗಸೊಬ್ಬಳು ಮಡಿಲ ಗಂಟು ಬಿಚ್ಚಿ, "ತಗೋಳಪ್ಪಾ ಮದುಮಗನೇ!" ಎಂದು ಕೆಳಗೆ ಎಸೆದಳು. ನೋಡನೋಡುತ್ತ ಗಂಟುಗಳು ಉದುರಿದವು. ದಸ್ಮೂರ್ ಒಂದನ್ನು ಎತ್ತಿಕೊಂಡು ಖೆಲ್ತುವಿನ ಹತ್ತಿರ ನಡೆದ. ಒಂದೇ ಚಿಟಿಕೆ ತೆಗೆದು ಅರ್ಧ ಅವನ ಬಾಯಿಗಿಟ್ಟ, ಅರ್ಧ ತನ್ನ ಬಾಯಿಗೆ. ವರ್ಷಗಟ್ಟಲೆ ಉಪ್ಪು ಮುಟ್ಟದ ನಾಲಿಗೆ. ಖೆಲ್ತು ಕಣ್ಣು ಮುಚ್ಚಿಕೊಂಡು ಚೀಪಿದ, ಕೆನ್ನೆಯ ಮೇಲೆ ನೀರಿಳಿಯಿತು.

ನಗು ನಿಂತಿತು. ಈಗ ಎಲ್ಲರಿಗೂ ತಿಳಿಯಿತು.

"ನಾವು ಒಂದೇ ಮನೆಯವರು!" ದಸ್ಮೂರ್ ಕೂಗಿದ. "ನೀವೇ ಕೊಟ್ಟ ಉಪ್ಪು!"

ಜನ ಎದ್ದು ನಿಂತು ಕುಣಿದರು. ನಾನು ಕೊಡವನ್ನು ಕೆಳಗಿಟ್ಟು ಅತ್ತುಬಿಟ್ಟೆ, ಮೂರ್ಖಳ ಹಾಗೆ. ಎಷ್ಟು ಒಳ್ಳೆಯ ಜನ ಎಂದುಕೊಂಡೆ. ಅವರು ಒಳ್ಳೆಯವರಲ್ಲ, ಹೊಸ ಆಟ ಸಿಕ್ಕಿತೆಂದು ಕುಣಿಯುತ್ತಿದ್ದರು, ಅಷ್ಟೇ.

ತೊರ್ವಾಲ ತನ್ನ ಪೀಠದಿಂದ ಎದ್ದು ಉಪ್ಪಿನ ಪೂಜಾರಿಯ ಕಿವಿಯಲ್ಲಿ ಏನೋ ಹೇಳಿದಳು. ಬೊಚ್ಚುಬಾಯಿಯ ಮುದುಕ ಅವನು. ಸ್ವಲ್ಪ ಹೊತ್ತು ತಲೆಯಾಡಿಸಿ, ಆಮೇಲೆ ಕೋಲೂರಿಕೊಂಡು ಕಟ್ಟೆಯ ಅಂಚಿಗೆ ಬಂದ.

"ಉಪ್ಪು ಉಪ್ಪೇ," ಎಂದ. "ಇವರಿಬ್ಬರೂ ಒಂದೇ ಮನೆ. ಒಬ್ಬನ ರಕ್ತ ಇನ್ನೊಬ್ಬ ಕೆಡವೋ ಹಾಗಿಲ್ಲ. ಆದ್ರೆ ತಾಯಿಗೆ ಕಣ್ಣಿಲ್ಲ, ಕಿವಿಯಿಲ್ಲ. ಇರೋದು ಮೂಗೊಂದೇ. ರಕ್ತದ ವಾಸನೆ ಏಳದೆ ಇದ್ರೆ ಅವಳು ಏಳೋದಿಲ್ಲ. ಕತ್ತಿ ಕೆಳಗಿಡಿ. ರಕ್ತ ಬೀಳದ ಹಾಗೆ ಮುಗಿಸಿ."

ಆಗ ಶುರುವಾಯಿತು ನೋಡಿ, "ಕತ್ತು ಹಿಸುಕು! ಕತ್ತು ಹಿಸುಕು!" ಎಂದು. ಉಪ್ಪು ಎಸೆದ ಕೈಗಳೇ ತಾಳ ಹಾಕಿದವು. ಮದುಮಗನೇ ಎಂದಿದ್ದ ಸೌತೆಕಾಯಿಯವಳ ಗಂಟಲು ಎಲ್ಲರಿಗಿಂತ ಮೇಲಿತ್ತು. ಅವಳ ನಾಲಿಗೆಗೆ ಹುಳ ಬೀಳಲಿ ಎಂದು ನಾನು ಗಟ್ಟಿಯಾಗಿಯೇ ಶಪಿಸಿದೆ. ಆ ಗದ್ದಲದಲ್ಲಿ ಯಾರಿಗೆ ಕೇಳಬೇಕು?

ದಸ್ಮೂರ್ ಕತ್ತಿಯನ್ನು ದೂರಕ್ಕೆ ಎಸೆದು ಮರಳಲ್ಲಿ ಕಾಲುಮಡಚಿ ಕೂತ. ದಿಡ್ಡಿಗೆ ಹತ್ತಿರವೇ ಇದ್ದರು. ಅವರ ಮಾತು ನನಗೆ ಕೇಳಿಸುತ್ತಿತ್ತು.

"ಕೂತ್ಕೋ ಬಾರೋ. ಹೆದರ್ಬೇಡ."

"ಅಣ್ಣ, ಗಂಟೆ ಹೊಡೀತಾರೆ."

"ಹೊಡೀಲಿ. ಉಪ್ಪು ಕೊಟ್ಟ ಜನ ಬಾಣ ಬಿಡೋಕೆ ಬಿಡ್ತಾರಾ?"

ಖೆಲ್ತು ಕಟ್ಟೆಯ ಕಡೆ ನೋಡಿದ. ಅವನು ನೋಡಿದ್ದನ್ನು ನಾನೂ ನೋಡಿದೆ. ಬಿಲ್ಲಾಳುಗಳು ಆಗಲೇ ಎದ್ದು ನಿಂತಿದ್ದರು. ಅವರೇನು ಇವರ ಜೊತೆ ಉಪ್ಪು ತಿಂದಿರಲಿಲ್ಲವಲ್ಲ.

"ಅಣ್ಣ, ಇಬ್ರೂ ಹೋಗ್ತೀವಿ. ಒಬ್ರಾದ್ರೂ..." ಅವನೂ ಕತ್ತಿ ಕೆಳಗೆ ಹಾಕಿದ. "ನೀನೇ ಮಾಡು. ನಾನು ಒದ್ದಾಡಲ್ಲ. ಬೇಗ ಮಾಡಿಬಿಡು."

"ಬಾಯಿ ಮುಚ್ಕೊಂಡು ಕೂತ್ಕೋ ಅಂದ್ನಲ್ಲ."

"ನೀನು ಮಾಡಲ್ವಾ?"

"ಇಲ್ಲ ಕಣೋ."

"ಏನಾದ್ರೂ ಸರಿ, ಮಾಡಲ್ವಾ?"

"ಥೂ ನಿನ್ನ. ಮಾಡಲ್ಲ ಅಂದೆ. ಬಾ, ಬೆನ್ನು ಕೊಡು."

ಖೆಲ್ತು ಅವನ ಹಿಂದಕ್ಕೆ ಹೋದ. ಬೆನ್ನು ಕೊಟ್ಟು ಕೂರುತ್ತಾನೆ ಎಂದುಕೊಂಡು ದಸ್ಮೂರ್ ಜಾಗ ಮಾಡಿಕೊಡಲು ಸ್ವಲ್ಪ ಮುಂದೆ ಸರಿದ. ನಾನೂ ಹಾಗೆಯೇ ಅಂದುಕೊಂಡೆ. ಖೆಲ್ತು ನಿಂತೇ ಸೊಂಟದ ಪಟ್ಟಿ ಬಿಚ್ಚಿದ, ಕುತ್ತಿಗೆಗೆ ಸುತ್ತಿದ, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದ.

ದಸ್ಮೂರ್‌ನ ಕೈಗಳು ಮೇಲೆ ಬಂದು ಖೆಲ್ತುವಿನ ಮಣಿಕಟ್ಟುಗಳನ್ನು ಹಿಡಿದವು. ಆ ಮಣಿಕಟ್ಟುಗಳನ್ನು ಅವನು ಕಡ್ಡಿ ಮುರಿದಂತೆ ಮುರಿಯಬಲ್ಲವನಾಗಿದ್ದ. ಹಿಡಿದವು, ಹಾಗೇ ಇದ್ದವು, ಆಮೇಲೆ ಜಾರಿದವು. ಬೇಕೆಂದೇ ಬಿಟ್ಟನೋ, ಬಲ ಹೋಯಿತೋ ನನಗೆ ಗೊತ್ತಿಲ್ಲ. ಬೇಕೆಂದೇ ಬಿಟ್ಟ ಎಂದು ಜನ ಹಾಡು ಕಟ್ಟಿಕೊಂಡಿದ್ದಾರೆ. ಅವರಿಗೇನು, ಹಾಡಿಗೆ ಒದಗುವುದೆಲ್ಲ ಅವರಿಗೆ ನಿಜ. ಅವನ ಹಿಮ್ಮಡಿಗಳು ಮರಳನ್ನು ಬಹಳ ಹೊತ್ತು ಕೆದರಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಖೆಲ್ತು ಅಷ್ಟು ಹೊತ್ತೂ "ಅಣ್ಣ, ಅಣ್ಣ" ಎನ್ನುತ್ತಲೇ ಎಳೆಯುತ್ತಿದ್ದ. ಒಂದು ಹನಿ ರಕ್ತ ಬೀಳಲಿಲ್ಲ. ತಾಯಿ ಮಿಸುಕಲಿಲ್ಲ.

ಗಂಟೆ ಹೊಡೆಯಿತು. ಜನ ಸೌತೆಕಾಯಿ ಸಿಪ್ಪೆಗಳನ್ನು ಮೇಲಕ್ಕೆ ತೂರಿದರು. ತೊರ್ವಾಲ ಮಾತ್ರ ಸಪ್ಪಗೆ ಕೂತಿದ್ದಳು. ದಸ್ಮೂರ್ ಕೊಲೆ ಮಾಡಿ ಹೋಗಬೇಕೆಂದು ಅವಳು ಬಯಸಿದ್ದಳು, ಅದೊಂದು ಅವಳಿಗೆ ದಕ್ಕಲಿಲ್ಲ. ಆಳೊಬ್ಬ ಕತ್ತರಿ ತಂದು ಖೆಲ್ತುವಿನ ಕಿವಿಬಳೆ ಕತ್ತರಿಸಿದ. ಬಿಳಿ ಬಾಗಿಲು ತೆರೆಯಿತು, ಆಚೆ ಹೊಳೆದಂಡೆಯ ದಾರಿ ಕಂಡಿತು. ಖೆಲ್ತು ಆ ಕಡೆ ಹೆಜ್ಜೆ ಇಟ್ಟ.

"ಎಲ್ಲಿಗೆ?" ಎಂದ ಪೂಜಾರಿ ಮೇಲಿನಿಂದ. "ನಿನ್ನ ಮನೆಯವನು ಅಲ್ಲಿ ಬಿದ್ದಿದ್ದಾನೆ. ಮನೆಯ ಹೆಣ ಮನೆಯವರೇ ಎತ್ತಬೇಕು. ಉಪ್ಪು ಉಪ್ಪೇ."

ಜನಕ್ಕೆ ಇದು ಇನ್ನೂ ಚೆನ್ನಾಗಿ ಹಿಡಿಸಿತು. ಖೆಲ್ತು ವಾಪಸ್ ಬಂದು ದಸ್ಮೂರ್‌ನ ಕಂಕುಳಿಗೆ ಕೈಹಾಕಿದ. ಎತ್ತಲಾಗಲಿಲ್ಲ. ಹೆಗಲಿಗೆ ಹಾಕಿಕೊಳ್ಳಲು ಹೋಗಿ ಹೆಣದ ಕೆಳಗೇ ಬಿದ್ದ. ಕಟ್ಟೆಗಳೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕವು. "ಮಗಾ, ಹಲ್ಲಿಗಾಡಿ ತರಿಸ್ಲಾ?" ಎಂದನೊಬ್ಬ. ಖೆಲ್ತು ಮತ್ತೆ ಎದ್ದ, ಮತ್ತೆ ಬಿದ್ದ. ಕೊನೆಗೆ ಸುತ್ತಲೂ ನೋಡಿ ನನ್ನನ್ನು ಕಂಡ.

"ಅಕ್ಕ, ಕಾಲು ಹಿಡ್ಕೋತೀಯಾ?"

ಅವನ ಮುಖಕ್ಕೆ ಉಗಿಯಬೇಕೆಂದು ಬಾಯಿ ತುಂಬಿ ಬಂದಿತ್ತು. ಅವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಸಾಯುವ ತನಕ ಇರುತ್ತದೆ. ನೀನೇ ಮಾಡು ಎಂದು ಅವನು ಮೊದಲು ಕೇಳಿಕೊಂಡಿದ್ದೂ ನನಗೆ ನೆನಪಿದೆ, ಅದರಿಂದ ಸಿಟ್ಟು ಕಡಿಮೆಯಾಗುವುದಿಲ್ಲ. ಆದರೆ ದಸ್ಮೂರ್ ಮರಳಲ್ಲಿ ಬಾಯಿಬಿಟ್ಟುಕೊಂಡು ಬಿದ್ದಿದ್ದ, ನೊಣ ಕೂರತೊಡಗಿತ್ತು. ಹೋಗಿ ಕಾಲು ಹಿಡಿದೆ. ಇನ್ನೂ ಬಿಸಿಯಾಗಿದ್ದವು.

ಇಬ್ಬರೂ ಎತ್ತಿಕೊಂಡು ನಡೆದೆವು. ಬಿಳಿ ಬಾಗಿಲಿನ ಹೊಸ್ತಿಲನ್ನು ಖೆಲ್ತು ಹಿಮ್ಮುಖವಾಗಿ ದಾಟಿದ. ದಸ್ಮೂರ್‌ನ ತಲೆ ದಾಟಿತು, ಎದೆ ದಾಟಿತು. ಕಾವಲಿನವನು ನನ್ನ ಕಿವಿಯ ಬಳೆ ನೋಡಿ ಈಟಿಯನ್ನು ಅಡ್ಡ ಹಿಡಿದ.

"ನೀನು ಇಲ್ಲಿ ತನಕ ಅಷ್ಟೇ, ಅಜ್ಜಿ."

"ಸ್ವಲ್ಪ ತಡಿಯಪ್ಪ, ಕಾಲೊಂದು ದಾಟಿಸಿಬಿಡ್ತೀನಿ," ಎಂದೆ.

ತೋಳನ್ನು ಎಷ್ಟು ಚಾಚಬಹುದೋ ಅಷ್ಟು ಚಾಚಿ, ಹೊಸ್ತಿಲ ಆಚೆಗೆ ಆ ಕಾಲುಗಳನ್ನು ಮೆಲ್ಲಗೆ ಇಳಿಸಿ, ಬಿಟ್ಟೆ.