ಮೂವತ್ತೊಂದು ಚೀಟಿ ನುಂಗಿದ ಪೆಟ್ಟಿಗೆ

ನಾನೊಂದು ತಗಡಿನ ಪೆಟ್ಟಿಗೆ. ಮೊದಲು ಎಣ್ಣೆಡಬ್ಬಿಯಾಗಿದ್ದೆ. ತಗಡು ಕೆಲಸದ ಮಾಬುಸಾಬ ಕತ್ತರಿಸಿ, ಬಡಿದು, ನೆತ್ತಿಯಲ್ಲೊಂದು ಸೀಳು ಬಿಟ್ಟು ಮರುಜನ್ಮ ಕೊಟ್ಟ. ಪಕ್ಷದ ತಾಲ್ಲೂಕು ಕಚೇರಿಗೆ ಒಪ್ಪಿಸುವಾಗ, "ಒಳಗ ಹೋಗೋದು ಸಸಾರ, ಹೊರಗ ಬರೋದು ಕೀಲಿ ಇದ್ದವರ ಕೈಯಾಗ" ಎಂದು ನಕ್ಕಿದ್ದ. ಆ ಮಾತಿನ ತೂಕ ನನಗಾಗ ತಿಳಿಯಲಿಲ್ಲ.

ಅಲ್ಲಿನ ಅಧ್ಯಕ್ಷರು ಮಲ್ಲೇಶಪ್ಪ ಜಕ್ಕಲಿ. ಇಪ್ಪತ್ತು ವರ್ಷ ಬ್ಯಾನರ್ ಕಟ್ಟಿ ಆ ಕುರ್ಚಿಗೆ ಬಂದವರು. ನಾನಿದ್ದದ್ದು ಅವರ ಮೇಜಿನ ಕೆಳಗೆ. ಸವೆದ ಚಪ್ಪಲಿಯಿಂದಲೇ ಅವರನ್ನು ಬಲ್ಲೆ. ಮೇಲಿನವರಿಗೆ ಅವರು ಬೇಡವಾಗಿದ್ದಾರೆಂಬ ಸುದ್ದಿ ಬಂದ ದಿನದಿಂದ ಆ ಚಪ್ಪಲಿ ಸುಮ್ಮನೆ ನೆಲ ಕೆರೆಯತೊಡಗಿತು.

ಅಭಿಪ್ರಾಯ ಕೇಳಲು ಬೆಂಗಳೂರಿನಿಂದ ವೀಕ್ಷಕರೊಬ್ಬರು ಬಂದರು. ಕಾರ್ಯಕರ್ತರು ಒಬ್ಬೊಬ್ಬರೇ ಒಳಗೆ ಬಂದು, ಅಧ್ಯಕ್ಷರಾಗಿ ಯಾರಿರಬೇಕೆಂದು ಬರೆದು, ನನ್ನ ಬಾಯಿಗೆ ಹಾಕಬೇಕು. ಮೂವತ್ತು ಜನ ಹಾಕಿದರು. ಕೊನೆಯ, ಮೂವತ್ತೊಂದನೆಯ ಚೀಟಿ ಮಲ್ಲೇಶಪ್ಪನವರದು.

ಚಹಾ ತಂದ ಸಕ್ರವ್ವ, "ಸಾಹೇಬ್ರ, ಪೆಟ್ಟಿಗಿ ಬಿಚ್ಚಂಗಿಲ್ಲೇನ್ರಿ?" ಎಂದಳು.

"ಅದೆಲ್ಲ ಮೇಲೆ ಬಿಚ್ತಾರಮ್ಮ." ವೀಕ್ಷಕರು ಬೀಗ ಜಡಿದು, ಕೀಲಿ ಜೇಬಿಗಿಳಿಸಿ ಕಾರು ಹತ್ತಿದರು. ನನ್ನನ್ನು ಮರೆತೇ ಹೋದರು.

"ಅಯ್ಯ ಶಿವನ, ದಿಬ್ಬಣದವ್ರು ಮದುಮಗನ್ನ ಬಿಟ್ಟು ಹೋದ್ರಲ್ಲ!" ಎಂದಳು ಸಕ್ರವ್ವ ನನ್ನತ್ತ ನೋಡಿ.

ನಾಲ್ಕನೆಯ ದಿನ ಫೋನಿನಲ್ಲಿ ಹೊಸ ಅಧ್ಯಕ್ಷರ ಹೆಸರು ಬಂತು. ಚೀಟಿಗಳು ಇನ್ನೂ ನನ್ನ ಹೊಟ್ಟೆಯಲ್ಲೇ ಇದ್ದವು. ಮಲ್ಲೇಶಪ್ಪನವರು ಹೊಸಬರಿಗೆ ಹಾರ ಹಾಕಿ, ನನ್ನನ್ನು ಕಂಕುಳಲ್ಲಿಟ್ಟುಕೊಂಡು ಮನೆಗೆ ನಡೆದರು.

ಒಂಬತ್ತು ವರ್ಷ ಅವರ ಪಡಸಾಲೆಯ ಗೂಡಿನಲ್ಲಿ ಕಳೆದೆ. ಬಂದವರ ಮುಂದೆಲ್ಲ ನನ್ನ ಬೆನ್ನು ತಟ್ಟಿ ಹೇಳುತ್ತಿದ್ದರು, "ಮೂವತ್ತು ಮಂದೀನೂ ನನ್ನ ಹೆಸರ ಬರದಾರ. ಮೇಲಿನವರು ಕೈ ಬಿಟ್ಟರು, ನಮ್ಮವರು ಬಿಡಲಿಲ್ಲ." ಆ ನಂಬಿಕೆಯೇ ಅವರ ಅನ್ನ. ಒಳಗೇನಿದೆಯೆಂದು ಬಲ್ಲವನು ನಾನೊಬ್ಬನೇ. ನನ್ನ ಬಾಯಿ ಇದ್ದದ್ದು ನುಂಗಲು, ಹೇಳಲು ಅಲ್ಲ.

ಒಂದು ಮಧ್ಯಾಹ್ನ ಸಕ್ರವ್ವ ಮಾತಾಡಿಸಲು ಬಂದಳು. "ಅಷ್ಟ ಖಾತ್ರಿ ಇದ್ರ ಒಡೀರಲ್ಲ, ಯಪ್ಪಾ."

"ಕೀಲಿ ಮೇಲಿನವರ ಹತ್ರ ಐತಿ. ನಾವು ಒಡೀಬಾರ್ದವ್ವ."

"ಕುರ್ಚಿ ಕಸಗೊಂಡ್ರೂ ಇನ್ನೂ ಅವರ ಅಪ್ಪಣಿನೇನ್ರಿ?"

ಆ ಮಾತು ಮಲ್ಲೇಶಪ್ಪನವರಿಗೆ ನಾಟಿತು. ಕಲ್ಲು ತಂದು ಬೀಗ ಒಡೆದು ನನ್ನನ್ನು ಬೋರಲು ಹಾಕಿದರು. ಮೊದಲ ಚೀಟಿ: "ವರಿಷ್ಠರ ತೀರ್ಮಾನಕ್ಕೆ ಬದ್ಧ." ಎರಡನೆಯದೂ ಅದೇ. ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. "ಒಬ್ಬನಾದ್ರೂ ಬರೀಬಾರದಾ, ಹೇಡಿಗಳು!" ಎಂದು ಬೈಯುತ್ತ ಕೊನೆಯ ಚೀಟಿ ಬಿಚ್ಚಿದರು. ದುಂಡನೆಯ ಅಕ್ಷರ, ಅವರದೇ. ಅದೇ ಮೂರು ಪದ.

"ನಮ್ಮ ಹೆಸರ ನಾವ ಬರಕೊಳ್ಳೋದು ಚಂದ ಅಲ್ಲ ಅಂತ..." ಎಂದರು. ಸಕ್ರವ್ವ ನಗಲಿಲ್ಲ.

ಚೀಟಿಗಳನ್ನೆಲ್ಲ ಮಡಿಸಿ ಅವರೇ ಮತ್ತೆ ನನ್ನೊಳಗೆ ತುಂಬಿದರು. ಈಗ ಕಟ್ಟಿಗೆ ಕೋಣೆಯ ಮೂಲೆಯಲ್ಲಿದ್ದೇನೆ, ತುಕ್ಕು ಹಿಡಿದಿದೆ. ನನಗೆ ಬೀಗವಿಲ್ಲ. ಆದರೂ ಯಾರೂ ತೆರೆಯುವುದಿಲ್ಲ.