ವರ್ಲೀನ್ ಕಟ್ಟಿದ ಎಂಜಿನ್

ನಮ್ಮ ಕೋಳಿ ಫ್ಯಾಕ್ಟರಿಯಲ್ಲಿ ಒಬ್ಬೊಬ್ಬರ ಪಾಲಿಗೆ ನಿಮಿಷಕ್ಕೆ ಹದಿನೈದು ಕೋಳಿ. ಒಂದೊಂದಕ್ಕೂ ಮೂರು ಕೊಯ್ತ. ಥಂಡಿಯಲ್ಲಿ, ನೀರಲ್ಲಿ ನಿಂತು, ಎಂಟು ಗಂಟೆ. ಮೊದಲ ವರ್ಷ ಬೆರಳು ಊದುತ್ತದೆ. ಮೂರನೆಯ ವರ್ಷ ಬೆಳಗ್ಗೆ ಎದ್ದಾಗ ಮುಷ್ಟಿ ಬಿಚ್ಚುವುದಿಲ್ಲ. ಬಿಸಿನೀರಿನಲ್ಲಿ ಅದ್ದಿ, ಒಂದೊಂದೇ ಬೆರಳನ್ನು ಇನ್ನೊಂದು ಕೈಯಿಂದ ಬಿಡಿಸಬೇಕು. ಒಂಬತ್ತನೆಯ ವರ್ಷಕ್ಕೆ ಕಾಫಿ ಲೋಟ ಹಿಡಿಯಲು ಎರಡೂ ಕೈ ಬೇಕು. ಇದರಲ್ಲಿ ನಾನು ಒಂದು ಚೂರೂ ಸೇರಿಸಿ ಹೇಳುತ್ತಿಲ್ಲ. ಮುಂದೆ ಸೇರಿಸುತ್ತೇನೆ, ಅದು ಬೇರೆ ಮಾತು.

ನನ್ನ ಹೆಸರು ಓಟಿಸ್. ಕರೊಲಿನಾದ ಈ ಗುಡ್ಡದ ಸೀಮೆಯಲ್ಲಿ ನನ್ನಂಥ ಡ್ರೈವರ್ ಹುಟ್ಟಿಲ್ಲ. ಪ್ರೂಯಿಟ್ ಟ್ರ್ಯಾಕಿನಲ್ಲಿ ಹನ್ನೊಂದು ವರ್ಷ ರೇಸಿನ ಕಾರು ಓಡಿಸಿದ್ದೇನೆ. ಕೆಂಪು ಮಣ್ಣಿನ ಮೊಟ್ಟೆಯಾಕಾರದ ಹಾದಿ, ಒಂದು ಸುತ್ತಿಗೆ ಇಪ್ಪತ್ತು ಸೆಕೆಂಡು. ಮೂರನೆಯ ತಿರುವಿನಲ್ಲಿ ನಾನು ಎಬ್ಬಿಸಿದ ಧೂಳು ನೋಡಿ ಪಕ್ಕದೂರಿನ ಪಾದ್ರಿ ಪ್ರಳಯ ಬಂತೆಂದು ಗಂಟೆ ಬಾರಿಸಿದ್ದುಂಟು. ಎಷ್ಟು ಸಲ ಗೆದ್ದೆ ಎಂದು ಮಾತ್ರ ಕೇಳಬೇಡಿ. ಕೇಳಿಯೇ ಬಿಟ್ಟಿರಾ? ಸೊನ್ನೆ.

ಟ್ರ್ಯಾಕು ಗ್ರೇಡಿ ಪ್ರೂಯಿಟ್‌ನದು. ಫ್ಯಾಕ್ಟರಿಯೂ ಅವನದೇ. ವಾರವೆಲ್ಲ ಅವನ ಕೋಳಿ ಕೊಯ್ಯುವುದು, ಶನಿವಾರ ಮಧ್ಯಾಹ್ನ ಅವನಿಗೇ ದುಡ್ಡು ಕೊಟ್ಟು ಒಳಗೆ ಹೋಗಿ ಅವನ ಮಣ್ಣು ತಿನ್ನುವುದು. ಬೇರೆ ಊರುಗಳಲ್ಲಿ ರಾತ್ರಿ ದೀಪ ಹಾಕಿ ಓಟ ನಡೆಸುತ್ತಾರೆ. ಪ್ರೂಯಿಟ್‌ಗೆ ಕರೆಂಟ್ ಬಿಲ್ ಎಂದರೆ ಸಾಕ್ಷಾತ್ ಸೈತಾನ. ಹಾಗಾಗಿ ನಮ್ಮದು ಹಗಲೋಟ.

ವರ್ಲೀನ್ ನನ್ನ ಚಿಕ್ಕಪ್ಪನ ಮಗಳು. ಫ್ಯಾಕ್ಟರಿಯ ಲೈನಿನಲ್ಲಿ ನನ್ನ ಎಡಕ್ಕೆ ನಿಲ್ಲುತ್ತಾಳೆ. ಹೋದ ಅಕ್ಟೋಬರಿನಲ್ಲಿ ಗುಜರಿಯಿಂದ ಒಂದು ಎಂಜಿನ್ ತಂದಳು. ಅದರೊಳಗೆ ಇಲಿ ಮರಿ ಹಾಕಿತ್ತು. ಏಪ್ರಿಲ್‌ವರೆಗೆ ದಿನಾ ಕೆಲಸ ಮುಗಿಸಿ ಬಂದು, ಬಿಸಿನೀರಿನಲ್ಲಿ ಕೈ ಅದ್ದಿ, ಬೆರಳು ಬಿಡಿಸಿಕೊಂಡು, ಒಂದೊಂದೇ ಭಾಗ ಬಿಚ್ಚಿ, ತಿಕ್ಕಿ, ಕೂಡಿಸಿದಳು.

"ಇದೇ ಕೊನೇದು ಕಣೋ ಓಟಿಸ್," ಅಂದಳು ಒಂದು ದಿನ. "ಇನ್ನೊಂದು ಕಟ್ಟೋಕೆ ಈ ಕೈ ಬರಲ್ಲ. ಸ್ಪ್ಯಾನರ್ ಮುಟ್ಟಲೇಬೇಡ ಅಂದ ಡಾಕ್ಟ್ರು."

"ಚಾಕು ಮುಟ್ಟಬೇಡ ಅನ್ನಲಿಲ್ವಾ?"

"ಅವನು ಫ್ಯಾಕ್ಟ್ರಿ ಡಾಕ್ಟ್ರು."

ಆ ಎಂಜಿನ್ ಕೂರಿಸಿದ ಕಾರು ನೋಡಲು ತುಳಿದ ಡಬ್ಬಿಯಂತಿತ್ತು. ಓಡತೊಡಗಿದರೆ ಮಾತ್ರ ದೇವರೇ ಕಾಯಬೇಕು. ಮೊದಲ ಓಟ ಗೆದ್ದಳು. ಎರಡನೆಯದೂ ಗೆದ್ದಳು. ಮೂರನೆಯದರಲ್ಲಿ ನನ್ನನ್ನು ದಾಟುವಾಗ ಕಿಟಕಿಯಿಂದ ಕೈ ಬೀಸಿದಳು. ಪ್ರೀತಿಯಿಂದಲೇ ಬೀಸಿದಳು, ಅದೇ ಉರಿ. ನನ್ನ ಹೊಟ್ಟೆಯಲ್ಲಿ ಹತ್ತಿದ ಕಿಚ್ಚಿನಲ್ಲಿ ಇಡೀ ಕರೊಲಿನಾದ ಹಂದಿಗಳನ್ನು ಸುಟ್ಟು ಊರಿಗೆಲ್ಲ ಊಟ ಹಾಕಬಹುದಿತ್ತು. ನನ್ನ ಹೆಂಡತಿ ಇಮೋಜೀನ್ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಳು.

"ನೀನು ಯಾರ ಕಡೇನೇ?" ಎಂದು ಕೇಳಿದೆ.

"ಗೆಲ್ಲೋರ ಕಡೆ. ಮನೇಲಿ ಅಂಥವರು ಇದ್ದಿದ್ರೆ ಅವರ ಕಡೆ ಇರ್ತಿದ್ದೆ."

ಮೂರು ಸಲವೂ ಎರಡನೆಯವನಾಗಿ ಬಂದದ್ದು ಪ್ರೂಯಿಟ್‌ನ ಮಗ ಟ್ರೆಂಟ್. ಕನ್ನಡಿಯಂತೆ ಹೊಳೆಯುವ ಕಾರು ಅವನದು. ಧಣಿಗಳಿಗೂ ಹೊಟ್ಟೆಕಿಚ್ಚಿರುತ್ತದೆ. ನಮ್ಮದು ನಮ್ಮನ್ನೇ ಸುಡುತ್ತದೆ, ಅವರದು ಬೇರೆಯವರನ್ನು.

ನಮ್ಮ ಓಟಕ್ಕೆ ಒಂದು ನಿಯಮವಿದೆ. ಮೊದಲ ಐದರೊಳಗೆ ಬಂದ ಯಾವ ಡ್ರೈವರಾದರೂ ಐನೂರು ಡಾಲರ್ ಇಟ್ಟು, ಚೀಟಿ ಬರೆದು, ಗೆದ್ದವರ ಎಂಜಿನ್ನನ್ನು ಕ್ಲೇಮ್ ಮಾಡಬಹುದು. ಗೆದ್ದವರು ಆ ದುಡ್ಡು ತೆಗೆದುಕೊಂಡು ಎಂಜಿನ್ ಕೊಡಲೇಬೇಕು. ಇಲ್ಲವೆಂದರೆ ಗೆಲುವೂ ಹೋಯಿತು, ಎರಡು ವರ್ಷ ಟ್ರ್ಯಾಕಿಗೆ ಕಾಲಿಡುವಂತೆಯೂ ಇಲ್ಲ. ದುಡ್ಡಿದ್ದವನು ಇಪ್ಪತ್ತು ಸಾವಿರದ ಎಂಜಿನ್ ತಂದು ಬಡವರನ್ನು ತುಳಿಯದಿರಲಿ ಎಂದು ಮಾಡಿದ ನಿಯಮ. ಐನೂರಕ್ಕೆ ಕೈಬಿಟ್ಟು ಹೋಗಬಹುದಾದ ಮಾಲಿಗೆ ಯಾರು ಇಪ್ಪತ್ತು ಸಾವಿರ ಸುರಿಯುತ್ತಾರೆ? ಟ್ರೆಂಟ್‌ನ ಎಂಜಿನ್ ಐನೂರರದ್ದಲ್ಲ ಎಂದು ಕುರುಡನಿಗೂ ಗೊತ್ತಿತ್ತು. ಆದರೆ ವರ್ಲೀನ್‌ಗಿಂತ ಮುಂಚೆ ಅವನೇ ಗೆಲ್ಲುತ್ತಿದ್ದಾಗಲೂ, ಪಗಾರ ಕೊಡುವವನ ಮಗನ ಎಂಜಿನ್ನಿಗೆ ಚೀಟಿ ಬರೆಯುವ ಗಂಡು ನಮ್ಮಲ್ಲಿರಲಿಲ್ಲ. ನಮ್ಮನಮ್ಮೊಳಗೂ ಯಾರೂ ಯಾರದ್ದನ್ನೂ ಕ್ಲೇಮ್ ಮಾಡಿದ್ದಿಲ್ಲ. ಹಾಗೆ ಮಾಡಿದರೆ ಪಕ್ಕದ ಮನೆಯ ಉರಿಯುವ ಒಲೆಯನ್ನು ಅಡುಗೆಯ ಸಮೇತ ಎತ್ತಿಕೊಂಡು ಬಂದಂತೆ. ಇನ್ನು ಟ್ರೆಂಟ್ ತಾನೇ ಚೀಟಿ ಬರೆದರೆ, ಕೂಲಿಯವಳ ಗುಜರಿ ಎಂಜಿನ್ನಿಗೆ ಸೋತೆ ಎಂದು ಒಪ್ಪಿಕೊಂಡಂತೆ.

ನಾಲ್ಕನೆಯ ಓಟದಲ್ಲಿ ಟ್ರೆಂಟ್ ಗೋಡೆಗೆ ಗುದ್ದಿ ಹೊರಬಿದ್ದ. ವರ್ಲೀನ್ ಮತ್ತೆ ಗೆದ್ದಳು. ನಾನು ಐದನೆಯವನಾದೆ. ಬೇಯಿಸಿದ ಕಡಲೆಕಾಯಿ ಮಾರುವ ಗಾಡಿಯ ಹಿಂದೆ ಪ್ರೂಯಿಟ್ ನನ್ನ ಹೆಗಲ ಮೇಲೆ ಕೈ ಹಾಕಿದ.

"ಎಂಥಾ ಓಟ ಓಡಿಸಿದೆಯಪ್ಪಾ ಓಟಿಸ್! ಒಳ್ಳೇ ಎಂಜಿನ್ ಒಂದಿದ್ದಿದ್ರೆ ಅವಳನ್ನ ನುಂಗಿ ನೀರು ಕುಡೀತಿದ್ದೆ."

"ಅದನ್ನೇ ಸಾರ್ ನಾನು ಹನ್ನೊಂದು ವರ್ಷದಿಂದ ಹೇಳ್ತಿರೋದು."

ಅವನು ಜೇಬಿನಿಂದ ಒಂದು ಲಕೋಟೆ ತೆಗೆದ. "ಚೀಟಿ ನೀನು ಬರಿ. ದುಡ್ಡು ನಂದು. ಎಂಜಿನ್ ನಿನ್ನ ಕಾರಿಗೆ."

"ನಿಮಗೇನು ಲಾಭ ಸಾರ್?"

"ಒಬ್ಬಳೇ ಗೆಲ್ತಾ ಇದ್ರೆ ಜನ ಟಿಕೆಟ್ ತಗೊಳಲ್ಲಪ್ಪ. ಊರಿಗೆ ಒಬ್ಬ ಗಂಡಸು ಗೆದ್ದದ್ದು ನೋಡೋ ಆಸೆ ಇರಲ್ವಾ?"

ಬುದ್ಧಿ ಏನೋ ಹೇಳಿತು. ಬುದ್ಧಿಯ ಮಾತು ಕೇಳಿಸಬೇಕಾದರೆ ಹೊಟ್ಟೆ ತಣ್ಣಗಿರಬೇಕು. ಕಾರಿನ ಬಾನೆಟ್ ಮೇಲಿಟ್ಟು ಚೀಟಿ ಬರೆದೆ. ಅಕ್ಷರ ಅಷ್ಟು ದುಂಡಗೆ ಜನ್ಮದಲ್ಲಿ ಬರೆದಿರಲಿಲ್ಲ.

ಬಾವುಟ ಬೀಸುವವನು ಡೂಯಿ. ವಾರದ ದಿನಗಳಲ್ಲಿ ಲಾರಿಯಿಂದ ಜೀವಂತ ಕೋಳಿ ಇಳಿಸುವ ಕೆಲಸ ಅವನದು. ಚೀಟಿ ಓದಿದ. ಮತ್ತೊಮ್ಮೆ ಓದಿದ. ವರ್ಲೀನಳ ಹತ್ತಿರ ಹೋಗಿ ತಲೆ ತಗ್ಗಿಸಿ, "ಕ್ಲೇಮ್ ಆಗಿದೆ ಕಣಮ್ಮ," ಅಂದ.

"ಯಾರದು?"

ಡೂಯಿ ನನ್ನ ಕಡೆ ನೋಡಿದ.

"ನಿನಗೆಲ್ಲಿಂದ ಬಂತೋ ಐನೂರು?" ಎಂದು ವರ್ಲೀನ್ ಕೇಳಿದಳು.

"ಕೂಡಿಟ್ಟಿದ್ದೆ."

"ನೀನಾ? ಹೋದ ವಾರ ಕಡಲೆಕಾಯಿಗೆ ನನ್ನತ್ರ ಕೈ ಚಾಚಿದ್ದೆ."

ನಿಯಮದ ಪ್ರಕಾರ ಗೆದ್ದವರೇ, ಎಲ್ಲರ ಮುಂದೆ, ಯಾರ ಸಹಾಯವೂ ಇಲ್ಲದೆ ಎಂಜಿನ್ ಬಿಚ್ಚಿ ಕೊಡಬೇಕು. ಅವಳು ಬಿಚ್ಚತೊಡಗಿದಳು. ಬೆಂಚುಗಳ ಮೇಲಿನ ಜನ ಇಳಿದು ಬಂದು ಸುತ್ತ ನಿಂತರು. ಕೊನೆಯ ಬೋಲ್ಟಿಗೆ ಬರುವಷ್ಟರಲ್ಲಿ ಅವಳ ಬೆರಳುಗಳು ಮಡಚಿಕೊಳ್ಳುವುದನ್ನೇ ನಿಲ್ಲಿಸಿದವು. ಸ್ಪ್ಯಾನರ್ ಕೆಳಗೆ ಬಿತ್ತು. ಎತ್ತಿಕೊಂಡಳು. ಮತ್ತೆ ಬಿತ್ತು. ಮೂರನೆಯ ಸಲ ಅದನ್ನು ಮೊಣಕೈ ಮಡಿಕೆಯಲ್ಲಿ ಸಿಕ್ಕಿಸಿ, ಇಡೀ ಮೈಭಾರ ಹಾಕಿ ತಿರುಗಿಸಿದಳು. ಬೋಲ್ಟು ಕಿರ್ರೆಂದಿತು. ಐವತ್ತು ಗಂಡಸರು ನೆಲ ನೋಡುತ್ತಾ ನಿಂತಿದ್ದರು, ನೆಲದಲ್ಲಿ ಏನೋ ಬರೆದಿದೆ ಎಂಬಂತೆ.

ಎಂಜಿನ್ ಗಾಲಿಯ ಕ್ರೇನಿನ ಸರಪಳಿಯಲ್ಲಿ ಮೇಲೆದ್ದಿತು. ಅವಳು ಸರಪಳಿಯ ತುದಿ ನನ್ನ ಕೈಗೆ ಕೊಟ್ಟಳು.

"ಹುಷಾರಾಗಿ ಹಿಡ್ಕೋ. ಇನ್ನೂ ಬಿಸಿ ಇದೆ."

ನನ್ನ ಕಾರಿಗೆ ಹಾಕಿಕೊಳ್ಳೋಣವೆಂದು ಎಳೆದುಕೊಂಡು ಹೋದೆ. ಪ್ರೂಯಿಟ್‌ನ ಇಬ್ಬರು ಆಳುಗಳು ಬಂದು ಅದನ್ನು ಸೀದಾ ಟ್ರೆಂಟ್‌ನ ಟ್ರೈಲರಿಗೆ ಏರಿಸಿದರು.

"ಸಾರ್! ನನ್ನ ಕಾರಿಗೆ ಅಂದಿದ್ರಿ!"

"ದುಡ್ಡು ಯಾರದು?" ಅಂದ ಪ್ರೂಯಿಟ್.

"ನಿಮ್ಮದು. ಆದ್ರೆ ಚೀಟಿ ನಂದು ಸಾರ್."

"ಚೀಟಿ ನೀನೇ ಇಟ್ಕೊಳಪ್ಪ. ಯಾರು ಬೇಡ ಅಂದ್ರು?"

ಸೋಮವಾರ ಲೈನಿನಲ್ಲಿ ವರ್ಲೀನ್ ನನ್ನ ಎಡಕ್ಕೇ ನಿಂತಿದ್ದಳು. ಮಾತಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಊಟದ ಹೊತ್ತಿಗೆ ತಡೆಯಲಾರದೆ ಎಲ್ಲರ ಮುಂದೆ ಬಾಯಿ ಬಿಟ್ಟೆ. ಮೊದಲು ನಾನು ಪ್ರೂಯಿಟ್‌ನ ಕಾಲರ್ ಹಿಡಿದೆ, ಅವನು ಕಾಲಿಗೆ ಬಿದ್ದ, ಎಂದೆಲ್ಲ ಶುರುಮಾಡಿದೆ. ಯಾರೂ ನಗಲಿಲ್ಲ. ನನ್ನ ಕತೆಗೆ ಜನ ನಗದೆ ಇದ್ದದ್ದು ಅದೇ ಮೊದಲು. ಆಮೇಲೆ ಲಕೋಟೆಯ ವಿಷಯ, ಹೊಟ್ಟೆಯುರಿಯ ವಿಷಯ, ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಥೂ," ಅಂದ ಡೂಯಿ. "ನೀನು ಬರೆದೆ. ನಾನು ಓದ್ದೆ. ಇವರೆಲ್ಲ ನೋಡಿದ್ರು. ಅವನು ಬೆರಳೂ ಎತ್ತಲಿಲ್ಲ."

ವರ್ಲೀನ್ ಎರಡೂ ಕೈಯಲ್ಲಿ ಲೋಟ ಹಿಡಿದು ಕೂತಿದ್ದಳು. "ಮೊದಲು ಕೈ ತಗೊಂಡ," ಅಂದಳು, ನಮಗೆ ಹೇಳಿದ್ದೋ ಲೋಟಕ್ಕೆ ಹೇಳಿದ್ದೋ. "ಈಗ ಆ ಕೈ ಮಾಡಿದ್ದನ್ನೂ ತಗೊಂಡ."

ಗಂಟೆ ಹೊಡೆಯಿತು. ಎಲ್ಲರೂ ಎದ್ದು ಚಾಕು ಹಿಡಿದೆವು.

ಶನಿವಾರ ಇಪ್ಪತ್ತೊಂದು ಕಾರು ಓಟಕ್ಕೆ ಸಾಲಾಗಿ ನಿಂತವು. ಟ್ರೆಂಟ್ ಮುಂದಿನ ಸಾಲಿನಲ್ಲಿ, ವರ್ಲೀನಳ ಎಂಜಿನ್ ಕೂರಿಸಿಕೊಂಡು. ಅವಳು ಬೇಲಿಯ ಆಚೆ ಇಮೋಜೀನ್ ಪಕ್ಕದಲ್ಲಿ. ಡೂಯಿ ಹಸಿರು ಬಾವುಟ ಬೀಸಿದ. ಟ್ರೆಂಟ್ ಬಾಣದಂತೆ ಹೊರಟ.

ನಾನೇ ಮೊದಲು ಕಾರು ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ ಎಂದು ಬಹಳ ಕಡೆ ಹೇಳಿಕೊಂಡಿದ್ದೇನೆ. ಸುಳ್ಳು. ಮೊದಲು ಆಫ್ ಮಾಡಿದ್ದು ನಮ್ಮ ಫ್ಯಾಕ್ಟರಿಯ ಮುದುಕ ಕ್ಲೈಡ್. ಹುಲ್ಲಿನ ಕಡೆಗೆ ಸರಿದು, ಕಾರು ಆಫ್ ಮಾಡಿ, ಹೆಲ್ಮೆಟ್ ತೆಗೆದು ಬಾನೆಟ್ ಮೇಲೆ ಇಟ್ಟ. ಅವನ ಹಿಂದೆ ಒಂದು, ಆಮೇಲೆ ಮೂರು. ಯಾರೂ ಮಾತಾಡಿಕೊಂಡಿರಲಿಲ್ಲ. ನಾನು ಒಂಬತ್ತನೆಯವನು. ಅಂಥಾ ಹೊತ್ತಿನಲ್ಲೂ ಕ್ಲೈಡ್‌ನ ಮೇಲೆ ಹೊಟ್ಟೆಕಿಚ್ಚಾಯಿತು: ಇದು ನನಗೆ ಮೊದಲು ಹೊಳೆಯಬಾರದಿತ್ತೇ?

ಮೈಕಿನಲ್ಲಿ ಪ್ರೂಯಿಟ್ ಅರಚಿದ. "ಏಯ್, ಓಡ್ಸಿ! ನಿಂತವರು ಯಾರೂ ಸೋಮವಾರ ಫ್ಯಾಕ್ಟ್ರಿಗೆ ಬರೋದು ಬೇಡ!"

ಇಪ್ಪತ್ತು ಕಾರೂ ನಿಂತವು. ಟ್ರ್ಯಾಕಿನಲ್ಲಿ ಒಂದೇ ಒಂದು ಎಂಜಿನ್ ಸದ್ದು. ಇಷ್ಟು ದಿನ ಗದ್ದಲದಲ್ಲಿ ಅದನ್ನು ಯಾರೂ ಸರಿಯಾಗಿ ಕೇಳಿರಲಿಲ್ಲ. ಎಷ್ಟು ಸಮವಾಗಿ ಉಸಿರಾಡುತ್ತಿತ್ತು! ಬೇಲಿಯ ಬಳಿ ವರ್ಲೀನ್ ಕಿವಿಗೊಟ್ಟು ನಿಂತಿದ್ದಳು.

"ಎರಡನೇ ವಾಲ್ವ್ ಟಕ್ ಟಕ್ ಅಂತಿದೆ," ಅಂದಳಂತೆ ಇಮೋಜೀನ್‌ಗೆ. "ಅದನ್ನ ನೋಡೋರು ಗತಿಯಿಲ್ಲ ಅಲ್ಲಿ."

ಇಪ್ಪತ್ತೈದು ಸುತ್ತು ಆಯಿತು. ಚೌಕುಳಿ ಬಾವುಟ ಬೀಸಬೇಕಾದ ಹೊತ್ತು. ಬಾವುಟ ಬೀಳದೆ ಓಟ ಮುಗಿಯುವುದಿಲ್ಲ, ಓಟ ಮುಗಿಯದೆ ಯಾರೂ ಗೆಲ್ಲುವುದಿಲ್ಲ. ಡೂಯಿ ಬಾವುಟವನ್ನು ನೀಟಾಗಿ ಮಡಿಚಿ, ಕಂಕುಳಲ್ಲಿ ಇಟ್ಟುಕೊಂಡು, ಏಣಿ ಇಳಿದು, ಗೇಟು ದಾಟಿ ಹೊರಟುಹೋದ. ಟ್ರೆಂಟ್ ಸುತ್ತುತ್ತಲೇ ಇದ್ದ. ನಾವು ಕಾರುಗಳನ್ನು ಟ್ರೈಲರಿಗೆ ಹತ್ತಿಸುವಾಗಲೂ ಸುತ್ತುತ್ತಿದ್ದ. ನನ್ನ ಲೆಕ್ಕದಲ್ಲಿ ಮುನ್ನೂರು ಸುತ್ತು. ಮೂವತ್ತೆಂಟು ಅನ್ನುತ್ತಾಳೆ ಇಮೋಜೀನ್.

ಹೊರಗೆ ವರ್ಲೀನ್ ನನ್ನ ಕಾರಿನ ಹತ್ತಿರ ಬಂದಳು. ಒಂದು ವಾರದ ಮೇಲೆ ನನ್ನ ಮುಖ ನೋಡಿದಳು.

"ನನ್ನ ಎಂಜಿನ್ ಅಂತೂ ವಾಪಸ್ ಬರಲಿಲ್ಲ ಓಟಿಸ್."

"ಇಲ್ಲ."

"ನಾನು ನಿನ್ನ ಕ್ಷಮಿಸಿದೀನಿ ಅಂದ್ಕೋಬೇಡ."

"ಅಂದ್ಕೊಂಡಿಲ್ಲ."

"ಸೋಮವಾರ ಬೇರೆ ಊರಿಂದ ಜನ ತಂದು ಲೈನ್ ಓಡ್ಸೋಕೆ ನೋಡ್ತಾನೆ ಅವನು. ಕೋಳಿ ಲಾರಿ ಒಳಗೆ ಹೋಗಬಾರದು. ಗೇಟಿನ ಹತ್ರ ಜನ ಬೇಕು."

"ಎಲ್ಲರಿಗಿಂತ ಮೊದಲು ನಾನು ಬಂದಿರ್ತೀನಿ, ನೋಡ್ತಿರು."

"ಹನ್ನೊಂದು ವರ್ಷದಿಂದ ನೋಡ್ತಾನೇ ಇದೀನಿ," ಅಂದಳು ವರ್ಲೀನ್.

ಸೋಮವಾರ ಪಾಳಿ ಶುರುವಾಗುವುದು ಆರಕ್ಕೆ. ನಾನು ನಾಲ್ಕೂವರೆಗೇ ಹೋದೆ, ಹಲ್ಲು ಕೂಡ ಉಜ್ಜದೆ. ಗೇಟಿಗೆ ಅಡ್ಡಲಾಗಿ ಆಗಲೇ ಅರವತ್ತು ಜನ ನಿಂತಿದ್ದರು. ಇದನ್ನು ಮಾತ್ರ ನಾನು ಹೆಚ್ಚಿಸಿ ಹೇಳುತ್ತಿಲ್ಲ. ಹೊಟ್ಟೆಯುರಿದುಕೊಂಡು ಒಬ್ಬೊಬ್ಬರನ್ನೇ ಎಣಿಸಿದ್ದೇನೆ. ನಾನು ಅರವತ್ತೊಂದನೆಯವನು.