ಅತ್ತಿಗೆಗೆ ಆಗದ ಮಾತು

ಬೂಟು ರಿಪೇರಿ ಅಂಗಡಿಯಲ್ಲಿ ಜೊತೆಗೆ ದುಡಿಯುವ ಮೈದುನ ಕರೆದೂ ಕರೆದೂ ಅವಳು ಬೀದಿಗೆಲ್ಲ ಅತ್ತಿಗೆಯಾಗಿದ್ದಳು. ಅವಳಿಗೆ ಆಗದ ಮಾತು ಒಂದೇ: "ನಡೆಯುತ್ತೆ ಬಿಡಿ."

ಅವತ್ತು ಅಂಗಡಿ ಮುಚ್ಚುವ ಹೊತ್ತಿಗೆ ಮೈದುನ ಅದನ್ನೇ ಅಂದ. ಗಿರಾಕಿಯ ಬೂಟಿನ ಹಿಮ್ಮಡಿಗೆ ಬರೀ ಅಂಟು ಬಳಿದು, ಮೊಳೆ ಹೊಡೆಯದೆ ಅದನ್ನು ಕಪಾಟಿಗೆ ಸೇರಿಸಿದ್ದ.

"ಬೂಟು ತಾನಾಗೇ ನಡೆಯಲ್ಲಪ್ಪ. ಅದನ್ನ ಹಾಕ್ಕೊಂಡವರು ನಡೀಬೇಕು, ಮೆಟ್ಟಿಲು ಇಳೀಬೇಕು," ಎಂದು ಅತ್ತಿಗೆ ಹಿಮ್ಮಡಿಯನ್ನು ಇಕ್ಕಳದಿಂದ ಕಿತ್ತು ಅವನ ಮುಂದಿಟ್ಟಳು. ಅವನು ಮುಖ ಗಂಟಿಕ್ಕಿಕೊಂಡೇ ಹಳೆಯ ಅಂಟು ಕೆರೆದು, ಹೊಸದು ಬಳಿದು, ಮೊಳೆ ಬಡಿದ. ಅವಳು ಜಗ್ಗಿ ನೋಡಿದ ಮೇಲೆಯೇ ಅಂಗಡಿಗೆ ಬೀಗ ಬಿತ್ತು.

ಮನೆಯಲ್ಲಿ, ದಿನವಿಡೀ ಮಲಗಿಯೇ ಇರುವ ಅತ್ತೆಯನ್ನು ಇಬ್ಬರೂ ಸೇರಿ ಕುರ್ಚಿಗೆ ಕೂರಿಸಿದರು. ಹಾಸಿಗೆ ಸರಿಮಾಡಲು ಬಗ್ಗಿದರೆ ಅತ್ತಿಗೆಯ ಸೊಂಟ ಕಿತ್ತುಬರುವಂತಿತ್ತು. ಚಾದರದ ನಡುವೆ ದಪ್ಪನೆಯ ಸುಕ್ಕೊಂದು ಹಾಗೇ ಉಳಿಯಿತು.

"ನಡೆಯುತ್ತೆ," ಅಂದುಬಿಟ್ಟಳು.

ಮೈದುನ ಇದಕ್ಕೇ ಕಾದವನಂತೆ, "ಹಾಸಿಗೆ ಎಲ್ಲಿಗೆ ನಡೆಯುತ್ತೆ ಅತ್ತಿಗೆ? ಅದರ ಮೇಲೆ ಅಮ್ಮ ಮಲಗ್ಬೇಕು," ಅಂದ.

ಅತ್ತಿಗೆ ನಾಲಿಗೆ ಕಚ್ಚಿಕೊಂಡಳು. ಆಮೇಲೆ ಚಾದರವನ್ನು ಪೂರ್ತಿ ಎಳೆದು ತೆಗೆದು ಕೊಡವಿದಳು.

"ಮಾತು ಸಾಕು. ಆ ತುದಿ ಹಿಡ್ಕೊ."